ಕಕ್ಕಸು ಬದಲಾಯಿಸಿದ ಬೇಸಿಗೆ

ಹೋದ ತಿಂಗಳು ಯಳಂದೂರಿನ ಮಗಳ ಮನೆಯಲ್ಲಿದ್ದಾಗ ಅವಳ ಕಕ್ಕಸಿನ ಬೇಸಿನ್ ಬಿರುಕು ಬಿಟ್ಟಿತು. ಬೆಳಗ್ಗೆ ಒಂಬತ್ತಕ್ಕೆ ಪ್ಲಂಬರ್ ಬಂದ. ಹಳೆಯದನ್ನು ಒಡೆದು ತೆಗೆದ, ಹೊಸದನ್ನು ಕೂರಿಸಿದ, ಸುತ್ತ ಸಿಮೆಂಟ್ ಮೆತ್ತಿದ. ಊಟದ ಹೊತ್ತಿಗೆ ಕೈಕಾಲು ತೊಳೆದುಕೊಂಡು, "ಇವತ್ತೊಂದಿನ ನೀರು ಉಯ್ಬೇಡಿ ಅಜ್ಜಿ, ನಾಳಿಕ್ಕೆ ಬಳಸ್ಕಳಿ" ಎಂದು ಹೇಳಿ ಸ್ಕೂಟರ್ ಹತ್ತಿ ಹೊರಟುಹೋದ. ಅವನು ಹೋದ ಮೇಲೂ ಹಸಿ ಸಿಮೆಂಟಿನ ವಾಸನೆ, ಅದರ ಜೊತೆಗೆ ಅಷ್ಟು ಹೊತ್ತು ತೆರೆದಿದ್ದ ಕೊಳವೆಯ ವಾಸನೆ, ಎರಡೂ ಸೇರಿ ನಡುಮನೆಯಲ್ಲಿ ನಿಂತಿದ್ದವು. ಮಗಳು ಊದುಬತ್ತಿ ಹಚ್ಚಿದಳು. ನನಗೆ ಮಾತ್ರ ಕೊಳ್ಳೇಗಾಲದ ಆ ಬೇಸಿಗೆ ನೆನಪಾಗಿ ತಟ್ಟೆಯಲ್ಲಿದ್ದ ಅನ್ನ ಸೇರಲಿಲ್ಲ. ಇವನು ಅರ್ಧ ದಿನದಲ್ಲಿ ಮುಗಿಸಿದ ಕೆಲಸಕ್ಕೆ ನಾನು ಶಿವರಾತ್ರಿಯಿಂದ ಮುಂಗಾರಿನವರೆಗೆ ಹೆಣಗಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನನಗಾಗ ಇಪ್ಪತ್ಮೂರು. ಹನೂರಿನ ಕಡೆಯ ಬಂಡಳ್ಳಿಯಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದು ಎರಡು ವರ್ಷ ಆಗಿತ್ತು, ಇನ್ನೂ ಮಕ್ಕಳಾಗಿರಲಿಲ್ಲ. ನಮ್ಮ ಯಜಮಾನರು ಬಿಳಿಗಿರಿರಂಗನ ಬೆಟ್ಟದಲ್ಲಿ ಫಾರೆಸ್ಟ್ ಆಫೀಸಿನ ಗುಮಾಸ್ತರು. ಹದಿನೈದು ದಿನಕ್ಕೊಮ್ಮೆ ಶನಿವಾರ ಇಳಿದು ಬಂದು ಭಾನುವಾರ ಸಾಯಂಕಾಲದ ಬಸ್ಸಿಗೆ ವಾಪಸ್ಸು. ಮನೆಯಲ್ಲಿ ಉಳಿದವರು ನಾನು, ಪೋಸ್ಟ್ ಮಾಸ್ಟರ್ ಆಗಿ ರಿಟೈರಾಗಿದ್ದ ಮಾವ, ಮಂಡಿನೋವಿನ ಅತ್ತೆ. ಎಡಕ್ಕೂ ಬಲಕ್ಕೂ ರೇಷ್ಮೆ ಸೀರೆ ನೇಯುವವರ ಮನೆಗಳು. ಬೆಳಗಾದರೆ ಎರಡು ಕಡೆಯಿಂದಲೂ ಮಗ್ಗದ ಸದ್ದು.

ಹಿತ್ತಿಲ ಕೊನೆಗೆ, ಹಿಂದಿನ ಸಂದಿಯ ಗೋಡೆಗೆ ಅಂಟಿಕೊಂಡಂತೆ ಕಕ್ಕಸು ಇತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಎರಡು ಕಲ್ಲು ಚಪ್ಪಡಿ, ನಡುವೆ ಸಂದು, ಕೆಳಗೆ ಟಾರು ಬಳಿದ ತಗಡಿನ ಡಬ್ಬ. ಡಬ್ಬ ಎಳೆಯುವುದಕ್ಕೆ ಸಂದಿಯ ಕಡೆಯಿಂದ ಒಂದು ಗಿಡ್ಡ ಬಾಗಿಲು. ದಿನಾ ಬೆಳಗ್ಗೆ ಚಿನ್ನತಾಯಿ ಬಂದು ಆ ಬಾಗಿಲು ಎತ್ತಿ, ಡಬ್ಬವನ್ನು ತನ್ನ ಮಂಕರಿಗೆ ಬಗ್ಗಿಸಿ, ಒಳಗೆ ಬೂದಿ ಎರಚಿ, ಮಂಕರಿ ತಲೆಯ ಮೇಲಿಟ್ಟುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು. ಬಾಗಿಲಿನ ತಗಡು ಕಲ್ಲಿಗೆ ಬಡಿಯುವ ಸದ್ದಿನಲ್ಲೇ ನನಗೆ ಅವಳ ಪರಿಚಯ. ಅವಳ ಮುಖ ನೋಡಿದ್ದೇ ಮದುವೆಯಾಗಿ ನಾಲ್ಕು ತಿಂಗಳ ಮೇಲೆ, ಹಬ್ಬದ ಮಾರನೆಯ ದಿನ ಅತ್ತೆ ಉಳಿದ ಅನ್ನವನ್ನು ಎಲೆಯಲ್ಲಿ ಕಟ್ಟಿ ಹಿಂದಿನ ಗೋಡೆಯ ಮೇಲೆ ಇಡಲು ಹೇಳಿದಾಗ. ನನ್ನ ವಯಸ್ಸಿನವಳೇ. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ.

ಶಿವರಾತ್ರಿ ಕಳೆದ ವಾರ ಚಿನ್ನತಾಯಿ ಹಿತ್ತಿಲ ಬಾಗಿಲ ಹತ್ತಿರ ನಿಂತು ಕೂಗಿದಳು. "ಅಮ್ಮಾವ್ರೆ, ಸೋಮವಾರದಿಂದ ನಾನು ಬರಾಕಿಲ್ಲ. ತಲೆ ಮ್ಯಾಲ್ ಒರೋದು ಇನ್ನು ಇಲ್ವಂತೆ, ಸರ್ಕಾರದೋರೇ ಏಳವ್ರೆ. ನಂಗೆ ರಸ್ತೆ ಗುಡ್ಸೋ ಕೆಲ್ಸ ಕೊಟ್ಟವ್ರೆ."

ಅತ್ತೆ ಒಳಗಿಂದಲೇ ಕೇಳಿದರು, "ಮತ್ತೆ ನಮ್ಮನೇದ್ಕ ಯಾರ್ ಬತ್ತರ?"

"ಯಾರೂ ಬರಾಕಿಲ್ಲ ಅವ್ವಾರೆ. ಎಲ್ರಿಗೂ ಅಂಗೇ ಏಳ್ಬುಟ್ಟವ್ರೆ. ನೀರುಯ್ಯೋ ಕಕ್ಕಸು ಕಟ್ಸ್ಕಬೇಕಂತೆ."

ಆ ಆಜ್ಞೆ ಬರುತ್ತದೆ ಎಂದು ಮಾವ ಪೇಪರಿನಲ್ಲಿ ಓದಿ ಹೇಳಿದ್ದರು, ಒಳ್ಳೆಯದು ಎಂದು ಮೆಚ್ಚಿಕೊಂಡೂ ಇದ್ದರು. ಆದರೆ ಅದು ನಮ್ಮ ಹಿತ್ತಿಲಿಗೆ ಬರುತ್ತದೆ ಎಂದು ಅವರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಸೋಮವಾರ ತಗಡಿನ ಸದ್ದು ಬರಲಿಲ್ಲ. ಶುಕ್ರವಾರದ ಹೊತ್ತಿಗೆ ಡಬ್ಬ ತುಂಬಿ, ಅದರ ಸುತ್ತಲ ಜಾಗವೂ ತುಂಬಿ, ಮೆಟ್ಟಿಲು ಹತ್ತುವಂತಿರಲಿಲ್ಲ. ಬಾಗಿಲಿಗೆ ಗೋಣಿಚೀಲ ತೂಗುಹಾಕಿದೆವು. ಕೊಳ್ಳೇಗಾಲದ ಬೇಸಿಗೆ ಬಲ್ಲವರೇ ಬಲ್ಲರು. ಹತ್ತು ಗಂಟೆ ಬಿಸಿಲಿಗೇ ವಾಸನೆ ಅಡುಗೆಮನೆಯವರೆಗೆ ಬರುತ್ತಿತ್ತು. ಪಕ್ಕದ ಮನೆಯವರು ಮಗ್ಗ ನಿಲ್ಲಿಸಿ ಗೋಡೆಯ ಮೇಲಿಂದ ಬಗ್ಗಿ ನೋಡುವರು. ಅವರದ್ದೂ ಅದೇ ಪಾಡು, ಆದರೆ ಅವರೆಲ್ಲ ಕಾಲು ಗಟ್ಟಿಯಿದ್ದವರು, ಕೆರೆಯಾಚೆಗೆ ಹೋಗಿಬರುತ್ತಿದ್ದರು. ನಮ್ಮ ಅತ್ತೆಯನ್ನು ನಾನು ಬೆಳಕು ಹರಿಯುವ ಮೊದಲೇ ಎಬ್ಬಿಸಿ, ಕೋಲು ಕೊಟ್ಟು, ತೋಳು ಹಿಡಿದು ಕೆರೆಯ ಜಾಲಿ ಪೊದೆಗಳ ತನಕ ನಡೆಸಬೇಕಾಗಿತ್ತು. ಹೋಗುವುದಕ್ಕೆ ಅರ್ಧ ಗಂಟೆ, ಬರುವುದಕ್ಕೆ ಅರ್ಧ ಗಂಟೆ. ಕೂತರೆ ಏಳಲಾರರು. ಎತ್ತುವಾಗೆಲ್ಲ "ಶಿವನೇ, ಯಾಕಪ್ಪ ಇನ್ನೂ ಮಡಗಿದ್ದಿಯೆ" ಎನ್ನುತ್ತಿದ್ದರು.

ಗಾರೆ ಕೆಲಸದವರನ್ನು ಕರೆದೆವು. ಮೊದಲು ಬಂದ ಮೇಸ್ತ್ರಿ ಹಿತ್ತಿಲ ಬಾಗಿಲಲ್ಲೇ ನಿಂತು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ. "ಇದ್ನ ಕಿಲೀನ್ ಮಾಡ್ಸಿ ಕೊಡಿ ಸಾ, ಆಮೇಕ ಬತ್ತೀನಿ" ಎಂದ. ಮಾಡಿಸುವುದು ಯಾರ ಕೈಯಲ್ಲಿ ಎಂದು ಮಾವ ಕೇಳಿದರೆ, "ಅದು ನಂಗೇನ್ ಗೊತ್ತು ಸಾ" ಎಂದು ಹೊರಟ. ಎರಡನೆಯವನು ಯುಗಾದಿ ಆಗಲಿ ಎಂದ. ಯುಗಾದಿ ಆಯಿತು. ಮದುವೆ ಸೀಜನ್ನು ಕಳೆಯಲಿ, ಚಪ್ಪರದ ಮನೆಗಳ ಕೆಲಸ ಇದೆ ಎಂದ. ಮೂರನೆಯವನು ಬರುತ್ತೇನೆಂದು ಹೇಳಿ ಬರಲೇ ಇಲ್ಲ.

ಬೆಟ್ಟಕ್ಕೆ ಕಾಗದ ಬರೆದೆ. ಯಜಮಾನರು ಶನಿವಾರ ಬಂದು, ಹಿತ್ತಿಲು ನೋಡಿ, ಭಾನುವಾರ ಬೆಳಗ್ಗೆ ಮೈಸೂರಿಗೆ ಹೋದರು. ಸಂಜೆ ಬಿಳಿ ಪಿಂಗಾಣಿಯ ಬೇಸಿನ್ ಒಂದನ್ನು ಹುಲ್ಲು ಸುತ್ತಿ ಗೋಣಿಯಲ್ಲಿ ಕಟ್ಟಿಸಿಕೊಂಡು ಬಂದರು. ಅದರ ಕೆಳಗೆ ಕೂರಿಸುವ ಬಾಗಿದ ಕೊಳವೆಯೂ ಬೇರೆ ಗಂಟಿನಲ್ಲಿತ್ತು. ಅದಕ್ಕೆ ಟ್ರ್ಯಾಪು ಎನ್ನುತ್ತಾರೆ, ಅದರ ಬಾಗಿನಲ್ಲಿ ಸದಾ ನೀರು ನಿಂತು ವಾಸನೆ ಮೇಲೆ ಬಾರದಂತೆ ತಡೆಯುತ್ತದೆ ಎಂದು ಮಾವ ವಿವರಿಸಿದರು. ಗಂಟು ಬಿಚ್ಚಿದರೆ ಬೇಸಿನ್ ನೆಟ್ಟಗಿದೆ, ಟ್ರ್ಯಾಪು ಎರಡು ಹೋಳು. ಬಸ್ಸಿನ ಟಾಪಿನ ಮೇಲೆ ಹಾಕಿಸಿದ್ದರಂತೆ.

"ಮಡ್ಲಲ್ಲಿ ಮಡಿಕಂಡು ಬರ್ಬಾರ್ದಾಗಿತ್ತ?" ಎಂದೆ.

"ಕಕ್ಕಸಿನ ಕೊಳವೆನ ಮಡ್ಲಲ್ಲಿ ಮಡಿಕಳಕ ಆಯ್ತದ?" ಎಂದರು. "ಮುಂದ್ಲ ಸಲ ನೋಡಾವು. ಅಷ್ಟ್ರಲ್ಲಿ ಯಾರ್ನಾರ ಹಿಡ್ದು ಹಳೇದ್ನ ತೆಗ್ಸು." ಹಾಗೆಂದು ಬಸ್ಸಿಗೆ ಹೊರಟರು. ಮುಂದಿನ ಸಲ ಎಂದರೆ ಹದಿನೈದು ದಿನ.

ಯಾರನ್ನಾದರೂ ಹಿಡಿದು. ಆ ಮಾತು ಎಲ್ಲರ ಬಾಯಲ್ಲೂ ಇತ್ತು, ಆ 'ಯಾರಾದರೂ' ಮಾತ್ರ ಎಲ್ಲಿಯೂ ಇರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ನಾನೇ ಚಿನ್ನತಾಯಿಯ ಕೇರಿ ಹುಡುಕಿಕೊಂಡು ಹೋದೆ. ಅವಳು ಮನೆಯ ಮುಂದೆ ಕೂತು ಸೌದೆ ಸೀಳುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಒಂದೇ ಒಂದು ಸಲ ಬಂದು ತೆಗ್ದು ಕೊಡು ಚಿನ್ನತಾಯಿ. ಆಮೇಕ ನಾವೇ ಹೊಸದು ಕಟ್ಕತೀವಿ. ನಿನ್ನ ಕೈಯ್ಯ ಖಾಲಿ ಬುಡಕುಲ್ಲ."

"ಬರಾಕಿಲ್ಲ ಅಮ್ಮಾವ್ರೆ."

"ನಮ್ಮತ್ತೆಗ ಮಂಡಿ ನೋವು. ದಿನಾ ಕೆರೆಗಂಟ ನಡಸ್ತಾ ಇವ್ನಿ."

"ಗೊತ್ತು ಅಮ್ಮಾವ್ರೆ. ಬೆಳಿಗ್ಗೆ ರಸ್ತೆ ಗುಡ್ಸೋವಾಗ ನೋಡ್ತೀನಿ. ಬರಾಕಿಲ್ಲ."

ಅವಳು ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ನನಗೆ ಎಲ್ಲಿಂದ ಬಂತೋ ಕೋಪ. ತಿಂಗಳಿಂದ ಮೇಸ್ತ್ರಿಗಳ ಮೇಲೆ, ಗಂಡನ ಮೇಲೆ, ಬಿಸಿಲಿನ ಮೇಲೆ ಇದ್ದದ್ದೆಲ್ಲ ಅಲ್ಲಿ ಅವಳ ಮೇಲೆ ಬಿತ್ತು. "ಇಷ್ಟ್ ವರ್ಸ ನಮ್ಮನೆ ಅನ್ನ ಉಂಡಿದ್ದಿಯಲ್ಲ, ಒಸಿ ನಿಯತ್ತಾದ್ರೂ ಬ್ಯಾಡ್ವ?" ಎಂದುಬಿಟ್ಟೆ.

ಅವಳು ಕೈಯಲ್ಲಿದ್ದ ಮಚ್ಚನ್ನು ಸೌದೆಯ ಮೇಲಿಟ್ಟಳು. "ಉಂಡಿವ್ನಿ. ಗೋಡೆ ಮ್ಯಾಲ್ ಮಡಗಿದ್ನ ಉಂಡಿವ್ನಿ" ಎಂದಳು. "ನೀವು ಓಗಿ ಅಮ್ಮಾವ್ರೆ. ಬಿಸ್ಲು."

ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೇ ಬಂದೆ. ಮನೆಗೆ ಬಂದು ನೀರು ಕುಡಿದು ಕೂತ ಮೇಲೆ ಬೈಗುಳವೂ ಮುಗಿಯಿತು. ಹಿತ್ತಿಲಿನಿಂದ ವಾಸನೆ ಬರುತ್ತಲೇ ಇತ್ತು.

ಮಾರನೆಯ ದಿನ ಬೆಳಗ್ಗೆ ಅತ್ತೆಯನ್ನು ಕೆರೆಯಿಂದ ಕರೆತಂದು ಕೂರಿಸಿ, ಹಳೆಯ ಸೀರೆ ಎತ್ತಿ ಕಟ್ಟಿ, ಮೂಗಿಗೆ ಬಟ್ಟೆ ಬಿಗಿದು, ಗುದ್ದಲಿ ತೆಗೆದುಕೊಂಡೆ. ಹಿತ್ತಿಲ ಮೂಲೆಯಲ್ಲಿ ನುಗ್ಗೆಮರದ ಹತ್ತಿರ ಎದೆಮಟ್ಟದ ಗುಂಡಿ ತೋಡಿದೆ. ಗುಂಡಿ ತೋಡುವುದು ನನಗೆ ಹೊಸದಲ್ಲ, ಬಂಡಳ್ಳಿಯಲ್ಲಿ ಹೊಲ ಗೆಯ್ದು ಬಂದವಳು. ಆಮೇಲೆ ಹಿಂದಿನ ಸಂದಿಗೆ ಹೋಗಿ ಆ ಗಿಡ್ಡ ಬಾಗಿಲು ಎತ್ತಿದೆ.

ಅದನ್ನು ಬಿಡಿಸಿ ಹೇಳುವುದಿಲ್ಲ. ಹುಳ ಇದ್ದವು. ಡಬ್ಬದ ತಳ ತುಕ್ಕು ಹಿಡಿದಿತ್ತು, ಎಳೆದ ಕೂಡಲೇ ಕಿತ್ತುಕೊಂಡು ಬಂತು. ಎರಡು ಸಲ ಓಡಿಹೋಗಿ ಗೋಡೆಗೆ ಕೈ ಕೊಟ್ಟು ವಾಂತಿ ಮಾಡಿದೆ. ಸಲಿಕೆಯಿಂದ ಮಂಕರಿಗೆ ತುಂಬಿ, ಬೂದಿ ಹಾಕಿ, ಸಂದಿ ಸುತ್ತಿ ಹಿತ್ತಿಲ ಬಾಗಿಲಿಂದ ನುಗ್ಗೆಮರದ ತನಕ ಹೊರಬೇಕು. ಮೊದಲ ಮಂಕರಿಯನ್ನು ಸೊಂಟಕ್ಕಿಟ್ಟೆ. ಸೋರಿ ಸೀರೆಗೆ ಇಳಿಯಿತು. ಎರಡನೆಯದನ್ನು ಮೈಗೆ ತಾಗದಂತೆ ಎರಡೂ ಕೈ ಚಾಚಿ ಹಿಡಿದು ನಡೆದೆ. ಹತ್ತು ಹೆಜ್ಜೆಗೆ ತೋಳು ಸೋತು ಕುಲುಕಿ ಕಾಲ ಮೇಲೆ ಚೆಲ್ಲಿತು. ತಲೆಯ ಮೇಲೆ ಇಟ್ಟುಕೊಂಡರೆ ಮಾತ್ರ ಅದು ಅಲುಗಾಡದೆ ಬರುತ್ತದೆ ಎಂದು ಆಗ ತಿಳಿಯಿತು. ಆದರೂ ತಲೆಗೆ ಇಡಲಿಲ್ಲ. ಅಷ್ಟು ಮಾತ್ರ ನನ್ನಿಂದ ಆಗಲಿಲ್ಲ. ಚೆಲ್ಲಿಕೊಂಡು, ನಿಂತು, ಇಳಿಸಿ, ಮತ್ತೆ ಎತ್ತಿಕೊಂಡು ಹನ್ನೊಂದು ಸಲ ಹೊತ್ತೆ. ಪಕ್ಕದ ಮನೆಯ ಮಗ್ಗ ನಿಂತಿತ್ತು. ಗೋಡೆಯ ಮೇಲೆ ಎರಡು ಮೂರು ತಲೆಗಳು ಕಂಡವು.

ಮಣ್ಣು ಮುಚ್ಚಿ, ಕಕ್ಕಸಿಗೆ ಸುಣ್ಣ ಎರಚಿ ಬರುವ ಹೊತ್ತಿಗೆ ಅತ್ತೆ ಹಿತ್ತಿಲ ಬಾಗಿಲಿಗೆ ಅಡ್ಡ ಕೂತಿದ್ದರು. "ಒಳಕ್ ಬರಬ್ಯಾಡ ಗೌರಿ, ಅಲ್ಲೇ ಮೀಯಿ" ಎಂದರು. ಮಾವ ದೂರದಿಂದ ಕೊಡ ಕೊಡವಾಗಿ ನೀರು ಹೊಯ್ದರು. ಸೀಗೆ ಹಾಕಿ ಮೂರು ಸಲ ಮಿಂದೆ. ಆದರೂ ಮೂರು ದಿನ ಅಡುಗೆಮನೆಗೆ ಬರಬಾರದು, ದೇವರ ಗೂಡಿನ ಹತ್ತಿರ ಸುಳಿಯಬಾರದು ಎಂದು ಅತ್ತೆ ಕಟ್ಟು ಮಾಡಿದರು. ಆ ಮಂಡಿ ಇಟ್ಟುಕೊಂಡು ತಾವೇ ಒಲೆ ಮುಂದೆ ಕೂತು ಮುದ್ದೆ ತೊಳಸಿದರು, ನನ್ನ ತಟ್ಟೆಯನ್ನು ಜಗಲಿಗೆ ನೂಕಿದರು. "ಯಾರಿಗೋಸ್ಕರ ಮಾಡ್ದೆ ನಾನು?" ಎಂದು ಕೇಳಿದರೆ, "ಮಾಡ್ದ್ದು ತಪ್ಪು ಅಂದ್ನ ನಾನು? ಮೈಲ್ಗೆ ಮೈಲ್ಗೇನೇ" ಎಂದರು. ಜಗಲಿಯ ಮೇಲೆ ಕೂತು ಉಂಡೆ. ಕೈ ಮೂಸಿದರೆ ಇನ್ನೂ ಅದೇ ವಾಸನೆ.

ಇನ್ನು ಹೊಸ ಗುಂಡಿ. ಮಾವನ ಹತ್ತಿರ ಸರ್ಕಾರದ ಒಂದು ಸಣ್ಣ ಪುಸ್ತಕ ಇತ್ತು, ನೀರು ಹೊಯ್ಯುವ ಕಕ್ಕಸು ಕಟ್ಟುವ ವಿಧಾನದ್ದು. ಅವರು ಕುರ್ಚಿ ಹಾಕಿಕೊಂಡು ನೆರಳಲ್ಲಿ ಕೂತು ಗಟ್ಟಿಯಾಗಿ ಓದುವರು, ನಾನು ಅಗೆಯುವೆನು. ಬಾವಿಯಿಂದ ದೂರ ಇರಬೇಕು, ಸರಿ. ಆಳ ಇಷ್ಟಿರಬೇಕು, ಸರಿ. ಮೂರು ಅಡಿಗೆ ಹಾರೆ ಠಣ್ ಎಂದಿತು. ಬಂಡೆ. ಒಂದು ಗಜ ಪಕ್ಕಕ್ಕೆ ಅಗೆದೆ. ಅಲ್ಲಿಯೂ ಬಂಡೆ. ನಾಲ್ಕು ದಿನ ಅಗೆದು ಎರಡು ಗುಂಡಿ ಹಾಳಾದವು, ಅಂಗೈ ಬೊಬ್ಬೆ ಬಂತು. ಮಾವ ಪುಸ್ತಕ ಹಿಂದೆ ಮುಂದೆ ತಿರುವಿ, "ಬಂಡೆ ಬಂದ್ರ ಏನ್ ಮಾಡ್ಬೇಕು ಅಂತ ಇದ್ರಲ್ಲಿ ಇಲ್ಲ ಕನವ್ವ" ಎಂದರು. ನನಗೆ ನಗು ಬರಬೇಕಿತ್ತು. ಹಾರೆ ಬಿಸಾಕಿ ಅತ್ತುಬಿಟ್ಟೆ.

ಬಂಡಳ್ಳಿಯ ಬಸ್ಸಿನವನ ಕೈಯಲ್ಲಿ ನಮ್ಮಪ್ಪನಿಗೆ ಹೇಳಿ ಕಳಿಸಿದೆ. ಅಪ್ಪ ಊರಿನಲ್ಲಿ ಹತ್ತಾರು ಬಾವಿ ತೋಡಿದ ಕೈ. ಮಾರನೆಯ ದಿನ ಮೊದಲ ಬಸ್ಸಿಗೇ ಪಿಕಾಸಿ, ದೊಡ್ಡ ಹಾರೆ, ಮಡಿಲಲ್ಲಿ ಒಂದಿಷ್ಟು ಹಸಿ ಕಡಲೇಕಾಯಿ ಕಟ್ಟಿಕೊಂಡು ಬಂದ. ನಮ್ಮಲ್ಲಿ ಮಗಳಿಗೆ ಮಗು ಆಗುವ ತನಕ ಅಪ್ಪ ಅವಳ ಮನೆಯಲ್ಲಿ ಉಣ್ಣುವುದಿಲ್ಲ. ಹಾಗಾಗಿ ರಾಗಿರೊಟ್ಟಿ ಕಟ್ಟಿಕೊಂಡೇ ಬಂದಿದ್ದ. ಬಂದವನು ನನ್ನ ಅಂಗೈ ತಿರುಗಿಸಿ ನೋಡಿದ. ಹಿತ್ತಿಲ ಉದ್ದಗಲ ಒಂದು ಸುತ್ತು ನಡೆದು, ಅಲ್ಲಲ್ಲಿ ಹಾರೆ ಕುಕ್ಕಿ ಸದ್ದು ಕೇಳಿಸಿಕೊಂಡ. ಕಕ್ಕಸಿನ ಎಡಕ್ಕೆ ಹತ್ತು ಅಡಿ ದೂರದಲ್ಲಿ ನಿಂತು, "ಇಲ್ಲಿ ತೋಡ್ಬೇಕು ಮಗ" ಎಂದ.

"ಕಕ್ಕಸಿನಿಂದ ಗುಂಡಿ ಇಷ್ಟು ದೂರ ಇರಬಾರದು ಅಂತ ಪುಸ್ತಕದಲ್ಲಿ ಇದೆಯಲ್ಲ ಬೀಗ್ರೆ" ಎಂದರು ಮಾವ.

"ನಿಮ್ ಪುಸ್ತಕ ಬರ್ದೋನು ಈ ಇತ್ಲು ನೋಡಿರ್ನಿಲ್ವಲ್ಲ ಬೀಗ್ರೆ" ಎಂದು ಅಪ್ಪ ಪಿಕಾಸಿ ಎತ್ತಿದ.

ಆರಡಿ ಇಳಿಯುವವರೆಗೆ ಬಂಡೆ ಸಿಗಲಿಲ್ಲ. ಅಪ್ಪ ಅಗೆದ, ನಾನು ಬಾಂಡ್ಲಿಯಲ್ಲಿ ಮಣ್ಣು ಎಳೆದೆ. ಎರಡನೆಯ ದಿನ ಇಟ್ಟಿಗೆಗಳ ನಡುವೆ ಸಂದು ಬಿಟ್ಟು, ನೀರು ಮಣ್ಣಿಗೆ ಇಂಗುವ ಹಾಗೆ ಒಳಸುತ್ತು ಕಟ್ಟಿದ. ಬಾಯಿಗೆ ಚಪ್ಪಡಿ ಮುಚ್ಚಿದ. ಕೆಲಸ ಮುಗಿದು ಕೈಕಾಲು ತೊಳೆದು ಅಪ್ಪ ಒಳಗೆ ಬರಲು ಹೊಸ್ತಿಲ ಹತ್ತಿರ ಬಂದಾಗ ಅತ್ತೆ ಚೊಂಬಿನಲ್ಲಿ ನೀರು ತಂದರು. ಕೈಗೆ ಕೊಡಲಿಲ್ಲ. ಜಗಲಿಯ ಅಂಚಿಗೆ ಇಟ್ಟು, "ಅಲ್ಲೇ ಕುಂತ್ಕಳಿ ಬೀಗ್ರೆ, ಗಾಳಿ ಬತ್ತದ" ಎಂದರು. ಅಪ್ಪನಿಗೆ ಅರ್ಥವಾಯಿತು. ನಮ್ಮ ಕುಲದಲ್ಲಿ ಅವರಿಗಿಂತ ಒಂದು ಕೂದಲೂ ಕಡಿಮೆ ಇಲ್ಲದವನು, ಆ ಮನೆಯ ಹೊಲಸಿನ ಗುಂಡಿ ತೋಡಿದ ತಪ್ಪಿಗೆ ಜಗಲಿಯ ಅಂಚಿನಲ್ಲಿ ಕೂತು ನೀರು ಕುಡಿದ. ನಾನು ಏನೋ ಹೇಳಲು ಬಾಯಿ ತೆಗೆದೆ. ಅಪ್ಪ ಕಣ್ಣಲ್ಲೇ ಬೇಡ ಎಂದ. ಪಿಕಾಸಿ ಹೆಗಲಿಗೆ ಹಾಕಿಕೊಂಡು, "ಬತ್ತೀನಿ ಬೀಗ್ರೆ, ಬತ್ತೀನವ್ವ" ಎಂದು ಬಸ್ಸಿಗೆ ನಡೆದ. ತಂದಿದ್ದ ರೊಟ್ಟಿಯನ್ನು ಬಸ್ ಸ್ಟ್ಯಾಂಡಿನಲ್ಲಿ ತಿಂದನಂತೆ.

ಆ ವಾರ ಯಜಮಾನರು ಹೊಸ ಟ್ರ್ಯಾಪು ತಂದರು. ಈ ಸಲ ಮೈಸೂರಿನಿಂದ ಮಡಿಲಲ್ಲಿ ಇಟ್ಟುಕೊಂಡೇ ಬಂದಿದ್ದರು. ಪಕ್ಕದ ಸೀಟಿನವನು ಏನಿದು ಎಂದು ಕೇಳಿದ್ದಕ್ಕೆ ವೀಣೆಯ ಬುರುಡೆ ಎಂದರಂತೆ. ಸಿಮೆಂಟ್ ಆಗ ಪರ್ಮಿಟ್ ಇಲ್ಲದೆ ಸಿಗುತ್ತಿರಲಿಲ್ಲ. ಮಾವ ಮೂರು ದಿನ ಆಫೀಸಿನ ಮೆಟ್ಟಿಲ ಮೇಲೆ ಕೂತು ಎರಡು ಮೂಟೆಗೆ ಬರೆಸಿಕೊಂಡು ಬಂದರು, ಸಿಕ್ಕಿದ್ದು ಒಂದು. ಹಳೆಯ ಚಪ್ಪಡಿಗಳನ್ನು ಕಿತ್ತು ಮೆಟ್ಟಿಲು ಇಳಿಸಿ, ಬೇಸಿನ್ ಕೂರಿಸುವ ಕೆಲಸಕ್ಕೆ ಮೇಸ್ತ್ರಿಯನ್ನು ಮತ್ತೊಮ್ಮೆ ಕೇಳಿದೆವು. ಈಗ ಎಲ್ಲ ಚೊಕ್ಕಟವಾಗಿತ್ತಲ್ಲ. "ಬತ್ತೀನಿ, ಮುಂದಿನ ವಾರ" ಎಂದ. ಬರಲಿಲ್ಲ. ನಾನೇ ಕರಣೆ ಹಿಡಿದೆ.

ಕೊಳವೆಯ ಇಳಿಜಾರು ನೋಡುವ ಹೊಣೆ ಮಾವನದು. ದಾರ ಕಟ್ಟಿ, ಪುಸ್ತಕ ನೋಡಿ, ಅಳತೆ ಕೊಟ್ಟರು. ಅವರು ಹೇಳಿದಂತೆ ಕೊಳವೆ ಹೂತೆ, ಟ್ರ್ಯಾಪು ಸೇರಿಸಿದೆ, ಬೇಸಿನ್ ಕೂರಿಸಿ ಗಾರೆ ಬಿಗಿದೆ. ಮೂರು ದಿನ ಒದ್ದೆ ಗೋಣಿ ಹೊದಿಸಿ ಕಾದು, ನಾಲ್ಕನೆಯ ದಿನ ಒಂದು ಬಿಂದಿಗೆ ನೀರು ಹೊಯ್ದೆ. ನೀರು ಗುಡುಗುಡು ಎಂದು ಹೋಯಿತು. ಮಾವ ಚಪ್ಪಾಳೆ ತಟ್ಟಿದರು. ಎರಡನೆಯ ಬಿಂದಿಗೆ ಹೊಯ್ದೆ. ಹೋದದ್ದೆಲ್ಲ ನಿಧಾನಕ್ಕೆ ತಿರುಗಿ ಬಂದು ಬೇಸಿನ್ನಿನ ಬಾಯಿ ತನಕ ನಿಂತಿತು. ಇಳಿಜಾರು ಗುಂಡಿಯ ಕಡೆಗಲ್ಲ, ಬೇಸಿನ್ನಿನ ಕಡೆಗೆ ಇತ್ತು.

"ದಾರ ಜಗ್ಗಿರ್ಬೇಕು" ಎಂದರು ಮಾವ.

ಕಲ್ಲಿನಂತಾಗಿದ್ದ ಗಾರೆಯನ್ನು ಉಳಿ ಹಿಡಿದು ಇಂಚಿಂಚು ಒಡೆಯಬೇಕಾಯಿತು, ಪಿಂಗಾಣಿಗೆ ಏಟು ಬೀಳದ ಹಾಗೆ. ಇಡೀ ಎರಡು ದಿನ. ಸಿಮೆಂಟು ತಿಂದು ಬೆರಳ ಸಂದುಗಳೆಲ್ಲ ಸುಲಿದಿದ್ದವು, ಸಾರಿಗೆ ಉಪ್ಪು ಹಾಕಿದರೂ ಉರಿ. ಎರಡನೆಯ ಸಲ ಕೂರಿಸಿದಾಗ ಇಳಿಜಾರು ಸರಿಯಾಯಿತು, ಆದರೆ ಬೇಸಿನ್ನೇ ಹಿಂದಕ್ಕೆ ವಾಲಿ ಅದರೊಳಗೆ ನೀರು ಮಡುಗಟ್ಟಿತು. ನಾನು ಗೋಣಿ ಬಿಸಾಕಿ ಅಲ್ಲೇ ನೆಲದ ಮೇಲೆ ಕೂತೆ. ಮಾವ ಪುಸ್ತಕ ತೆರೆದರು. ನನ್ನ ಜನ್ಮದಲ್ಲಿ ಒಂದು ಪುಸ್ತಕವನ್ನು ಒಲೆಗೆ ಹಾಕಬೇಕು ಎನ್ನಿಸಿದ್ದು ಅದೊಂದೇ ಸಲ.

ಮೂರನೆಯ ಸಲಕ್ಕೆ ಉಳಿದಿದ್ದ ಸಿಮೆಂಟು ಎರಡು ಬಾಂಡ್ಲಿ. "ಮಾವ, ಎಲೆ ಅಡಿಕೆ ಮುಗ್ದದ, ಅಂಗಡಿ ಬೀದಿಗಂಟ ಓಗಿ ತಕಂಬನ್ನಿ" ಎಂದೆ. ಅವರಿಗೂ ಗೊತ್ತಾಯಿತೇನೋ, ಕೊಡೆ ತೆಗೆದುಕೊಂಡು ಸುಮ್ಮನೆ ಹೋದರು. ಅವರು ಬರುವಷ್ಟರಲ್ಲಿ ನಾನು ನೆಲಕ್ಕೆ ಮಕಾಡೆ ಮಲಗಿ, ಬೇಸಿನ್ನಿನ ಅಂಚಿಗೆ ನೀರು ತುಂಬಿದ ಊಟದ ತಟ್ಟೆ ಇಟ್ಟು ಮಟ್ಟ ನೋಡುತ್ತಾ, ಮುಂದೆ ಒಂದಿಷ್ಟು ಹಿಂದೆ ಒಂದಿಷ್ಟು ಕಲ್ಲುಚೂರು ತುರುಕುತ್ತಾ ಕೂರಿಸಿ ಮುಗಿಸಿದ್ದೆ. ಕಾಲಿಡುವ ಕಲ್ಲುಗಳನ್ನೂ ಎರಡು ಕಡೆ ಹೂತೆ. ಮತ್ತೆ ಮೂರು ದಿನ. ಮತ್ತೆ ಬಿಂದಿಗೆ. ಒಂದು, ಎರಡು, ಮೂರು, ನಾಲ್ಕು. ನೀರು ಹೋಯಿತು. ತಿರುಗಿ ಬರಲಿಲ್ಲ. ಟ್ರ್ಯಾಪಿನ ಬಾಗಿನಲ್ಲಿ ಅಂಗೈಯಷ್ಟು ನೀರು ತಿಳಿಯಾಗಿ ನಿಂತಿತು. ಬಗ್ಗಿ ಮೂಸಿದೆ. ವಾಸನೆ ಇರಲಿಲ್ಲ.

ಆ ಶನಿವಾರ ಪಕ್ಕದ ಮನೆಯವರೆಲ್ಲ ನೋಡಲು ಬಂದರು. ಯಜಮಾನರು ಬಾಗಿಲಲ್ಲಿ ನಿಂತು ನೀರು ಹೊಯ್ದು ತೋರಿಸಿದರು. ಮಾವ ಇಳಿಜಾರಿನ ಲೆಕ್ಕ ವಿವರಿಸಿದರು. "ಪೋಸ್ಟ್ ಮೇಷ್ಟ್ರ ತಲೆ ಅಂದ್ರ ತಲೆ" ಎಂದು ನೇಕಾರರ ಹಿರಿಯ ತಲೆದೂಗಿದ. ನಾನು ಬೆರಳುಗಳಿಗೆ ಹರಳೆಣ್ಣೆ ಹಚ್ಚಿಕೊಂಡು ಅಡುಗೆಮನೆಯಲ್ಲಿ ಅವರೆಲ್ಲರಿಗೂ ಕಾಫಿ ಸೋಸುತ್ತಿದ್ದೆ.

ಇಷ್ಟೆಲ್ಲ ಯಾರಿಗಾಗಿ ಆಯಿತೋ ಅವರು ಅದರ ಹತ್ತಿರ ಸುಳಿಯಲಿಲ್ಲ. ಅತ್ತೆ ಬೆಳಗ್ಗೆ ಕೋಲು ಹಿಡಿದು ನನ್ನನ್ನು ಎಬ್ಬಿಸುವರು. "ಹೊಸದು ಆಯ್ತಲ್ಲ ಅತ್ತೆ" ಎಂದರೆ, "ಮುಂಚೆ ಅವ್ಳು ಬಂದು ಆಚೆಗಾದ್ರೂ ಒತ್ಕಂಡೋಯ್ತಿದ್ಲು. ಈಗ ಎಲ್ಲೋಯ್ತು ಹೇಳು? ನಮ್ ಹಿತ್ಲ ನೆಲದೊಳ್ಗೇ ಅದ. ನಮ್ ಕಾಲಡೀಲೇ ಅದ" ಎನ್ನುವರು. ಮಾವ ಮಣ್ಣಿಗೆ ಇಂಗುವ ಕ್ರಮ ಹೇಳಿದರು. ಅತ್ತೆ ಕೇಳಲಿಲ್ಲ. ಹದಿಮೂರು ದಿನ ನಾನು, ಹೊಚ್ಚಹೊಸ ಕಕ್ಕಸನ್ನು ಹಿತ್ತಿಲಲ್ಲಿ ಇಟ್ಟುಕೊಂಡು, ಅವರ ತೋಳು ಹಿಡಿದು ಕೆರೆಯ ಜಾಲಿಯ ತನಕ ನಡೆಸಿದೆ. ಒಂದೊಂದು ಬೆಳಗ್ಗೆ ಅವರ ಕೈ ಬಿಟ್ಟು ನೆಟ್ಟಗೆ ಬಂಡಳ್ಳಿಯ ಬಸ್ಸು ಹತ್ತಿಬಿಡೋಣ ಎನ್ನಿಸುತ್ತಿತ್ತು.

ಹದಿನಾಲ್ಕನೆಯ ದಿನ ಬೆಳಗ್ಗೆಯೇ ಗುಡುಗಿ ಮಳೆ ಹಿಡಿಯಿತು. ವರ್ಷದ ಮೊದಲ ಮಳೆ; ಹಂಚಿನ ಮೇಲೆ ಕಲ್ಲು ಸುರಿದಂತೆ ಸುರಿಯಿತು. ನಾನು ಒಲೆ ಹೊತ್ತಿಸುತ್ತಿದ್ದೆ. ತಿರುಗಿ ನೋಡಿದರೆ ಅತ್ತೆಯ ಕೋಲೂ ಇಲ್ಲ, ಅತ್ತೆಯೂ ಇಲ್ಲ. ಗಾಬರಿಯಿಂದ ಹಿತ್ತಿಲಿಗೆ ಓಡಿದೆ. ಕಕ್ಕಸಿನ ಬಾಗಿಲು ಮುಚ್ಚಿತ್ತು. ಒಳಗೆ ಬಿಂದಿಗೆಯ ಸದ್ದು, ನೀರು ಹೊಯ್ದ ಸದ್ದು. ತುಸು ಹೊತ್ತಿನ ಮೇಲೆ ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಗೋಡೆ ಹಿಡಿದು ಹೊರಗೆ ಬಂದರು. ನನ್ನನ್ನು ನೋಡಿ ನಿಂತರು.

"ಬಲಗಡೆ ಕಾಲು ಕಲ್ಲು ವಾಲದ ಗೌರಿ" ಎಂದರು. "ಮಂಡಿ ಇಲ್ದೋರು ಬಿದ್ದೋಯ್ತರ. ಅದ್ನ ಒಸಿ ಸರಿ ಮಾಡು."

ಅಷ್ಟೇ. ಅವರು ಅದಾದ ಮೇಲೆ ಆ ವಿಷಯ ಎಂದೂ ಆಡಲಿಲ್ಲ, ಕೆರೆಯ ಕಡೆಗೂ ಹೋಗಲಿಲ್ಲ. ಬಲಗಡೆಯ ಕಲ್ಲು ನಿಜಕ್ಕೂ ವಾಲಿತ್ತು. ಮಳೆ ನಿಂತ ಮೇಲೆ ಸರಿ ಮಾಡಿದೆ.

ಮಳೆಗಾಲ ಬಲಿತ ಮೇಲೆ ಒಂದು ದಿನ ಸಂತೆಯಿಂದ ಬರುತ್ತಿದ್ದಾಗ ದೊಡ್ಡ ರಸ್ತೆಯ ಪಕ್ಕದಲ್ಲಿ ಚಿನ್ನತಾಯಿ ಉದ್ದನೆಯ ಪೊರಕೆ ಹಿಡಿದು ಕಸ ಒಟ್ಟುತ್ತಿದ್ದಳು. ಅವಳ ಕೇರಿಯಲ್ಲಿ ಆಡಿಬಂದ ಮಾತು ನನ್ನನ್ನು ಬಿಟ್ಟಿರಲಿಲ್ಲ. ಅದನ್ನು ತೆಗೆಯುವುದು ಹೇಗೆ ಎಂದು ತಿಳಿಯದೆ ಸುಮ್ಮನೆ ಹಾದುಹೋಗಲು ನೋಡಿದೆ. ಆದರೆ ಅವಳು ತಲೆ ಎತ್ತಿ, "ಚೆನ್ನಾಗಿದ್ದೀರ ಅಮ್ಮಾವ್ರೆ? ದೊಡ್ಡವ್ವಾರ ಮಂಡಿ ಎಂಗದೆ?" ಎಂದಳು.

"ಹೊಸ ಕಕ್ಕಸು ಆಯ್ತು ಕಣೆ" ಎಂದೆ. ಆಮೇಲೆ ತಡೆಯಲಾರದೆ, ಅವಳಾದರೂ ತಿಳಿದುಕೊಳ್ಳಲಿ ಎಂಬಂತೆ, ಅವಳಿಗೆ ಸಾಟಿಯಾದವಳೇನೋ ಎಂಬಂತೆ ಹೇಳಿದೆ, "ಹಳೇದ್ನೆಲ್ಲ ನಾನೇ ಹೊತ್ತು ಹಾಕ್ದೆ ಚಿನ್ನತಾಯಿ. ನನ್ನ ಕೈಯ್ಯಾರ."

ಅವಳು ಪೊರಕೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಅಣಕವಿರಲಿಲ್ಲ ಆ ನೋಟದಲ್ಲಿ. ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಒಂದ್ಸಲಾನ ಅಮ್ಮಾವ್ರೆ?"

"ಹೂಂ" ಎಂದೆ. "ಒಂದ್ಸಲ."

ಅವಳು ತಲೆಯಾಡಿಸಿದಳು. ಮತ್ತೆ ಬಗ್ಗಿ, ಒದ್ದೆ ಎಲೆಗಳನ್ನು ರಸ್ತೆಯಂಚಿಗೆ ಗುಡಿಸತೊಡಗಿದಳು.